ಸಹಾಯ ಬೇಕು: ಅಪ್ಪನ ಜೊತೆ ಕೊಪ್ಪಳ ಕೋಟೆ ಹತ್ತಬೇಕು

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರಿನವರು. ಮುಂದಿನ ಭಾನುವಾರ ಕೊಪ್ಪಳದ ಕೋಟೆ ಹತ್ತಬೇಕು ಅಂತ ಇದ್ದೇವೆ. ನಾನು, 10 ವರ್ಷದ ಮಗಳು ಮತ್ತು 66 ವರ್ಷದ ನಮ್ಮಪ್ಪ.

ಅಪ್ಪನಿಗೆ ಈ ಕೋಟೆ ಅಂದ್ರೆ ಪ್ರಾಣ. 1786ರಲ್ಲಿ ಟಿಪ್ಪು ಇದನ್ನು ಪಾಳೆಯಗಾರನಿಂದ ಗೆದ್ದು, ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಗಟ್ಟಿ ಮಾಡಿಸಿದ. 1790ರಲ್ಲಿ ಬ್ರಿಟಿಷರು, ನಿಜಾಮನ ಸೈನ್ಯ ಸೇರಿ ಮುತ್ತಿಗೆ ಹಾಕಿದರೂ ಕೋಟೆ ಕೈಗೆ ಸಿಗೋಕೆ ತಿಂಗಳುಗಟ್ಟಲೆ ಬೇಕಾಯಿತು. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಕೊನೆಯ ಹೋರಾಟ ಮಾಡಿದ್ದೂ ಇಲ್ಲೇ. ಆ ಕಥೆಯನ್ನು ಅಲ್ಲೇ ನಿಂತು ಮೊಮ್ಮಗಳಿಗೆ ಹೇಳಬೇಕು ಅನ್ನೋದು ಅವರ ಆಸೆ.

ನನ್ನ ಚಿಂತೆ ಇಳಿಯೋದರದ್ದು. ಹೋದ ವರ್ಷ ಬಳ್ಳಾರಿ ಕೋಟೆ ಹತ್ತಿದ್ದೆವು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ನುಣುಪಾದ ಬಂಡೆ ಮೇಲೆ ಅಪ್ಪನ ಚಪ್ಪಲಿ ಜಾರಿತು. ಮೊಣಕಾಲು ತರಚಿ, ಪಂಚೆಗೆಲ್ಲ ರಕ್ತ. ಈಗ ಒಳ್ಳೆ ಹಿಡಿತದ ಬೂಟು ತಂದಿದ್ದೇನೆ, ಒಂದು ಕೋಲನ್ನೂ ಇಟ್ಟುಕೊಂಡಿದ್ದೇನೆ.

ಇತ್ತೀಚೆಗೆ ಹತ್ತಿದವರು ದಯವಿಟ್ಟು ಹೇಳಿ. ಮೆಟ್ಟಿಲು ಎಲ್ಲಿವರೆಗೆ ಸರಿ ಇವೆ? ತೀರಾ ಕಡಿದಾದ ಜಾಗ ಯಾವುದು, ಅಲ್ಲಿ ಕೈಗೆ ಹಿಡಿಯೋಕೆ ಏನಾದ್ರೂ ಇದೆಯಾ? ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ 6ಕ್ಕೇ ಶುರು ಮಾಡಿದರೆ ಒಳಗೆ ಬಿಡುತ್ತಾರಾ? ಮಂಗಗಳ ಕಾಟ ಜಾಸ್ತಿನಾ? ನೀರು, ಬುತ್ತಿ ಎರಡನ್ನೂ ನಾವೇ ಹೊರಬೇಕು.

ಅಪ್ಪನಿಗೆ ಪೂರ್ತಿ ಆಗದಿದ್ದರೆ ಅರ್ಧ ದಾರಿಯಲ್ಲಿ ನೆರಳಲ್ಲಿ ಕೂರೋಕೆ ಜಾಗ ಇದ್ದರೆ ಅದನ್ನೂ ತಿಳಿಸಿ. ಇಳಿದ ಮೇಲೆ ಗವಿಮಠದ ಹತ್ತಿರದ ಅಶೋಕನ ಶಾಸನ ನೋಡಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬರುತ್ತೇವೆ.