ಮಾಲೆ ಇಳಿಸಿದ ಮೇಲೂ ಬ್ರಹ್ಮಚರ್ಯ: ಹೆಂಡತಿಗೆ ಹೇಗೆ ಹೇಳಲಿ?

ಐದು ವರ್ಷದಿಂದ ಅಯ್ಯಪ್ಪ ಮಾಲೆ ಹಾಕ್ತಿದ್ದೀನಿ. 48 ದಿನ ಮನಸ್ಸಿಗೆ ಸಿಗುವ ನೆಮ್ಮದಿ ಮಾಲೆ ಇಳಿಸಿದ ವಾರದೊಳಗೆ ಕರಗಿಹೋಗುತ್ತೆ. ಈ ಸಲ ಶಬರಿಮಲೆಯಿಂದ ಬಂದ ಮೇಲೂ ಆರು ತಿಂಗಳು ಬ್ರಹ್ಮಚರ್ಯ ಮುಂದುವರಿಸುವ ಆಸೆ. ಹೆಂಡತಿಗೆ ಹೇಗೆ ಹೇಳಲಿ? ಅನುಭವ ಇದ್ದವರು ತಿಳಿಸಿ.

ಉತ್ತರ 1
“ಹೇಗೆ ಹೇಳಲಿ” ಅಂದಿದ್ದೀರಿ. ಹೇಳಬೇಡಿ, ಕೇಳಿ.

ಮದುವೆಯಾದ ಎರಡನೇ ವರ್ಷ ನಮ್ಮವರು ಬೆಳಗ್ಗೆ ದೇವಸ್ಥಾನಕ್ಕೆ ಹೋದವರು ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿಕೊಂಡೇ ಮನೆಗೆ ಬಂದರು. ಆ ಗಳಿಗೆಯಿಂದ ನಾನೂ ಅವರನ್ನು “ಸ್ವಾಮಿ” ಅನ್ನಬೇಕು. ಚಾಪೆ ಹಾಲ್‌ಗೆ ಹೋಯಿತು. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಅಡುಗೆಗೆ ನಿಂತವಳು ನಾನು, ಮುಟ್ಟಾದಾಗ ಬಟ್ಟೆ ಕಟ್ಟಿಕೊಂಡು ತವರಿಗೆ ಹೋದವಳೂ ನಾನು. ಭಕ್ತಿಗೆ ನನ್ನ ತಕರಾರಿರಲಿಲ್ಲ, ಶರಣುಘೋಷ ಕೇಳಿದರೆ ನನಗೂ ಕಣ್ಣು ತುಂಬುತ್ತೆ. ಆದರೆ ಈ ವಿಷಯ ಗುರುಸ್ವಾಮಿಗೆ ತಿಂಗಳ ಮುಂಚೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ನೋವು ಬೇಗ ಹೋಗಲಿಲ್ಲ.

ಮರುವರ್ಷ ದೀಪಾವಳಿಗೆ ಮುಂಚೆಯೇ ಕೂತು ಮಾತಾಡಿದೆವು. ವಾರದಲ್ಲಿ ಮೂರು ದಿನ ಅಡುಗೆ ಅವರದ್ದು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಜಗಲಿಯಲ್ಲಿ ಮಾತು. ಒಂಟಿತನ ತಡೆಯಲಾಗದೆ ನಾನು ಬಾಯಿಬಿಟ್ಟರೆ “ದೇವರ ಕೆಲಸಕ್ಕೆ ಅಡ್ಡಿ” ಅನ್ನಬಾರದು. ಆ ವರ್ಷದ ವ್ರತ ನನ್ನದೂ ಆಯಿತು. ಗರ್ಭ ನಿಲ್ಲದೆ ಹೋದ ವರ್ಷ “ಈ ಸಲ ಬೇಡ, ನನ್ನ ಹತ್ತಿರ ಇರಿ” ಅಂದೆ. ಇದ್ದರು. ಸೂತಕ ಬಂದರೆ ಮಾಲೆ ತೆಗೆಯುವ ಪದ್ಧತಿ ಇದೆಯಲ್ಲ? ಬದುಕಿರುವ ಹೆಂಡತಿಯ ಸಂಕಟಕ್ಕೂ ವ್ರತದಲ್ಲಿ ಅಷ್ಟು ಜಾಗ ಇರಲಿ.

ಉತ್ತರ 2
ನಾವು ಜೈನರು. ಶ್ರಾವಕರ, ಅಂದರೆ ಸಂಸಾರದಲ್ಲಿರುವ ಜೈನರ, ಐದು ಅಣುವ್ರತಗಳಲ್ಲಿ (ಸಣ್ಣ ವ್ರತಗಳಲ್ಲಿ) ನಾಲ್ಕನೆಯದು ಬ್ರಹ್ಮಚರ್ಯ. ಗೃಹಸ್ಥರಿಗೆ ಅದರ ಅರ್ಥ ಕಟ್ಟಿಕೊಂಡವರಲ್ಲೇ ತೃಪ್ತಿ. ಪೂರ್ತಿ ಬಿಡುವುದು ಹನ್ನೊಂದು ಪ್ರತಿಮೆಗಳಲ್ಲಿ, ಅಂದರೆ ಶ್ರಾವಕರ ಸಾಧನೆಯ ಹಂತಗಳಲ್ಲಿ, ಏಳನೆಯದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವರಿಗೆ. ಕಾಲಮಿತಿ ಇಟ್ಟು ಬಿಡುವುದು “ನಿಯಮ”, ಬದುಕಿರುವವರೆಗೆ ಬಿಡುವುದು “ಯಮ”. ನಿಯಮವನ್ನು ಒಂದು ಹಗಲಿಗೆ, ಒಂದು ರಾತ್ರಿಗೆ, ಪಕ್ಷಕ್ಕೆ, ಮಾಸಕ್ಕೆ, ಋತುವಿಗೆ, ಅಯನಕ್ಕೆ ಹಿಡಿಯಬಹುದು. ನಿಮ್ಮ ಆರು ತಿಂಗಳು ಅಂದರೆ ಒಂದು ಅಯನ, ದೊಡ್ಡದೇ. ಅಪ್ಪ ಅಮ್ಮ ಐವತ್ತು ದಾಟಿದ ಮೇಲೆ ವ್ರತ ಕೇಳಿದಾಗ ಮುನಿಗಳು ಅಮ್ಮನನ್ನೇ ಮೊದಲು ಕೇಳಿದರು, ಅದೂ ಎರಡು ಸಲ. ಪಕ್ಷದಿಂದ ಶುರು ಮಾಡಿ.

ಉತ್ತರ 3
1906ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ಬ್ರಹ್ಮಚರ್ಯದ ವ್ರತ ತೊಟ್ಟರು. ಕಸ್ತೂರಬಾ ಅವರನ್ನು ಕೇಳಿದ್ದು ವ್ರತ ಹಿಡಿಯುವ ಹೊತ್ತಿಗೆ ಮಾತ್ರ, ಆಕೆ ಆಕ್ಷೇಪಿಸಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅವರ ಮೇಲೆ ನನಗೆ ಅಪಾರ ಗೌರವ. ಆದರೂ ಆ ಸಾಲಿನ ಮುಂದೆ ಪ್ರತಿ ಸಲ ತಡೆದು ನಿಲ್ಲುತ್ತೇನೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವ ಮಾತನ್ನು ಮಲಗುವ ಕೋಣೆಗೆ ತರಲೇಬಾರದು.

ಉತ್ತರ 4
ವಕೀಲಿ ಮಾಡುವವಳಾಗಿ ಎರಡು ಮಾತು. ಸಕಾರಣವಿಲ್ಲದೆ ಒಬ್ಬರೇ ತೀರ್ಮಾನಿಸಿ ಬಹುಕಾಲ ದೈಹಿಕ ಸಂಬಂಧ ನಿರಾಕರಿಸುವುದು ಮಾನಸಿಕ ಕ್ರೌರ್ಯ ಆಗಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಅಧ್ಯಾತ್ಮದ ಕಾರಣಕ್ಕೆ ಹೆಂಡತಿಯಿಂದ ದೂರ ಉಳಿದ ಗಂಡನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2023ರಲ್ಲಿ, ಇದು ಹಿಂದೂ ವಿವಾಹ ಕಾಯ್ದೆಯಡಿ ಕ್ರೌರ್ಯ, ಆದರೆ ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ ಆಗಿನ ದಂಡಸಂಹಿತೆಯ (ಐಪಿಸಿ) 498ಎ ಅಡಿ ಅಪರಾಧವಲ್ಲ ಎಂದಿತು. ಹಾಗಂತ ಅವಳು ಒಪ್ಪದಿದ್ದರೆ ನೀವು ಮೈ ಒಪ್ಪಿಸಲೇಬೇಕು ಅಂತಲ್ಲ. ಇವತ್ತು ಬೇಡ ಅನ್ನೋಕೆ ಇಬ್ಬರಿಗೂ ಯಾರ ಅಪ್ಪಣೆಯೂ ಬೇಡ. ಆರು ತಿಂಗಳ ಲೆಕ್ಕ ಮಾತ್ರ ಇಬ್ಬರೂ ಕೂತು ಹಾಕಬೇಕಾದದ್ದು.

ಪ್ರಶ್ನೆ ಕೇಳಿದವರು
ನಿನ್ನೆ ಕೇಳಿದೆ. “ಯಾಕೆ ಬೇಕು?” ಅಂದಳು. ತುಂಬಾ ಹೊತ್ತು ಉತ್ತರ ಹೊಳೆಯಲಿಲ್ಲ. ಆಮೇಲೆ ಕೂತು ಮಾತಾಡಿದೆವು, ಅವಳೂ ಎಷ್ಟೋ ದಿನದಿಂದ ಒಳಗಿಟ್ಟುಕೊಂಡದ್ದನ್ನು ಹೇಳಿದಳು. ಸದ್ಯ ಸಂಕ್ರಾಂತಿ ಆದ ಮೇಲೆ ಒಂದು ಪಕ್ಷ ಅಂತ ಮಾತಾಗಿದೆ. ನಡುವೆ ಅವಳು ಸಾಕು ಅಂದರೆ ಅವತ್ತಿಗೇ ಮುಗೀತು.