ಸಂಬಳ ದೊಡ್ಡದು, ತಂಡದಲ್ಲಿ ಜಾಗ ಇಲ್ಲ: ಹೊರಗಿಟ್ಟ ಆಟಗಾರನನ್ನು ಕ್ಲಬ್ ಮತ್ತೆ ಸೇರಿಸಿಕೊಳ್ಳಬೇಕಾ?

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ವಕೀಲ್ ಸರ್, ನಮಸ್ಕಾರ. ನೀವು ಕಾರ್ಮಿಕರ ಕೇಸು ನಡೆಸೋರು, ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಹುಡುಗರಿಗೆ ಫುಟ್ಬಾಲನ್ನೂ ಹೇಳಿಕೊಡ್ತೀರಿ. ಅದಕ್ಕೇ ನಿಮ್ಮನ್ನೇ ಕೇಳ್ತಿದೀನಿ. ನಮ್ಮ ರೂಮಲ್ಲಿ ನಾಲ್ಕು ಜನ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು. ಜೇಡನ್ ಸ್ಯಾಂಚೊ ವಿಷಯ ಬಂದ್ರೆ ಇವತ್ತಿಗೂ ರಾತ್ರಿ ಒಂದು ಗಂಟೆವರೆಗೆ ಜಗಳ.

2021ರಲ್ಲಿ ಯುನೈಟೆಡ್‌ನೋರು ಅವನನ್ನ 7.3 ಕೋಟಿ ಪೌಂಡ್ ಕೊಟ್ಟು ತಂದ್ರು. 2023ರ ಸೆಪ್ಟೆಂಬರಲ್ಲಿ ಆರ್ಸೆನಲ್ ಪಂದ್ಯಕ್ಕೆ ತಗೊಳ್ಳಲಿಲ್ಲ. ಪ್ರಾಕ್ಟೀಸ್ ಸರಿ ಇರಲಿಲ್ಲ ಅಂತ ಕೋಚ್ ಎರಿಕ್ ಟೆನ್ ಹಾಗ್ ಹೇಳಿದ್ರು. ಅದು ಸುಳ್ಳು, ನನ್ನನ್ನ ಬಲಿಪಶು ಮಾಡ್ತಿದಾರೆ ಅಂತ ಇವನು ಜಾಲತಾಣದಲ್ಲಿ ಬರೆದ. ಅಲ್ಲಿಂದ ಮೊದಲ ತಂಡದ ಜಾಗಕ್ಕೆ ಕಾಲಿಡಂಗಿಲ್ಲ ಅಂದ್ರು. ನಾಲ್ಕು ತಿಂಗಳು ಒಂದೂ ಪಂದ್ಯ ಇಲ್ಲ, ಆಮೇಲೆ ಜರ್ಮನಿಯ ಡಾರ್ಟ್ಮಂಡ್ ಕ್ಲಬ್ಬಿಗೆ ಲೋನ್, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲು. ನನ್ನ ಮಾತು ಇಷ್ಟೇ: ವಾರಕ್ಕೆ ಲಕ್ಷಗಟ್ಟಲೆ ಪೌಂಡ್ ಎಣಿಸೋನು ಕೋಚನ್ನೇ ಸುಳ್ಳುಗಾರ ಅಂದ್ಮೇಲೆ ಅಂಥೋನಿಗೆ ಮತ್ತೆ ಯಾಕೆ ಬಾಗಿಲು ತೆಗೀಬೇಕು?

ಉತ್ತರ (ವಕೀಲರು, ಅಶೋಕ ರಸ್ತೆ)

ತಮ್ಮಾ, ನಿನ್ನ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಸ್ಯಾಂಚೊ ಅಲ್ಲ, ನನ್ನ ಕಕ್ಷಿದಾರನೊಬ್ಬ. ನಾನು ವಕೀಲಿ ಶುರು ಮಾಡಿದ ಹೊಸತು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಮುಗೀತಾ ಬಂದಿತ್ತು, ಹತ್ತಿ ಮಿಲ್ಲುಗಳು ಒಂದೊಂದಾಗಿ ಸೊರಗುತ್ತಿದ್ದವು. ಮಗ್ಗದ ಮೇಲೆ ಚೆನ್ನಾಗಿ ಕೈ ಕುಳಿತಿದ್ದ, ಸಂಬಳ ಜಾಸ್ತಿ ಇದ್ದ ಒಬ್ಬ ಹಿರಿಯ ನೌಕರ ನನ್ನ ಹತ್ತಿರ ಬಂದ. ಅವನನ್ನು ಕೆಲಸದಿಂದ ತೆಗೆದಿರಲಿಲ್ಲ, ಸಂಬಳವೂ ನಿಂತಿರಲಿಲ್ಲ. ಬೆಳಗ್ಗೆ ಗೇಟಲ್ಲಿ ಸಹಿ ಹಾಕಿಸಿಕೊಂಡು, ಸೈಕಲ್ ಸ್ಟ್ಯಾಂಡ್ ಪಕ್ಕದ ಕಲ್ಲುಬೆಂಚಿನ ಮೇಲೆ ಸಂಜೆವರೆಗೆ ಕೂರಿಸೋರು, ಅಷ್ಟೇ. ಒಳಗೆ ಬಿಡ್ತಿರಲಿಲ್ಲ. ಅವನು ದಿನಾ ಒಗೆದ ಅಂಗಿ ಹಾಕ್ಕೊಂಡು, ಬುತ್ತಿ ಹಿಡ್ಕೊಂಡೇ ಹೋಗ್ತಿದ್ದ. ಮೂರನೇ ತಿಂಗಳು ನನ್ನ ಮೇಜಿನ ಮುಂದೆ ಎರಡೂ ಅಂಗೈ ಚಾಚಿ, "ಸಾರ್, ಕೈ ಮರೀತಾ ಐತ್ರಿ" ಅಂದ. ನಾನು ನೋಟಿಸ್ ಕೊಡೋ ಮೊದಲೇ ತಾನಾಗೇ ರಾಜೀನಾಮೆ ಬರೆದುಕೊಟ್ಟು ಬಂದ. ಅವರಿಗೆ ಬೇಕಾಗಿದ್ದದ್ದೂ ಅದೇ.

ಫುಟ್ಬಾಲ್ ಕ್ಲಬ್ಬುಗಳು ದುಬಾರಿ ಆಟಗಾರನನ್ನು ಒಂಟಿಯಾಗಿ ಓಡಿಸೋದು, ಬೇರೆ ರೂಮಲ್ಲಿ ಬಟ್ಟೆ ಬದಲಿಸು ಅನ್ನೋದು ಬಹಳ ಸಲ ಇದೇ ಕಲ್ಲುಬೆಂಚು. ಶಿಕ್ಷೆ ಅಂತ ಹೆಸರು, ಒಳಗಿನ ಲೆಕ್ಕ ಸಂಬಳದ ಹೊರೆ ಇಳಿಸೋದು. ಇದು ಗೊತ್ತಿದ್ದೇ ವಿಶ್ವ ಫುಟ್ಬಾಲ್ ಸಂಸ್ಥೆ ಫೀಫಾ ತನ್ನ ವರ್ಗಾವಣೆ ನಿಯಮದ 14ನೇ ವಿಧಿಗೆ 2018ರಲ್ಲಿ ಒಂದು ಮಾತು ಸೇರಿಸಿತು: ಎದುರು ಪಕ್ಷ ಒಪ್ಪಂದ ಮುರಿಯಲಿ ಅಥವಾ ಷರತ್ತು ಬದಲಿಸಿಕೊಳ್ಳಲಿ ಅಂತ ಹಿಂಸೆ ಕೊಟ್ಟರೆ, ಹಿಂಸೆ ಅನುಭವಿಸಿದವರು ನ್ಯಾಯಯುತ ಕಾರಣದ ಮೇಲೆ ಒಪ್ಪಂದ ಕಡಿದುಕೊಂಡು ಹೋಗಬಹುದು. 15ನೇ ವಿಧಿ ಇನ್ನೊಂದು ದಾರಿ ಕೊಡುತ್ತದೆ. ನೆಲೆ ನಿಂತ ವೃತ್ತಿಪರ ಆಟಗಾರನನ್ನು ಒಂದು ಋತುವಿನಲ್ಲಿ ಕ್ಲಬ್ಬಿನ ಅಧಿಕೃತ ಪಂದ್ಯಗಳಲ್ಲಿ ಶೇ. 10ಕ್ಕಿಂತ ಕಡಿಮೆ ಪಂದ್ಯಕ್ಕೆ ಇಳಿಸಿದ್ದರೆ, ಕೊನೆಯ ಪಂದ್ಯ ಮುಗಿದ 15 ದಿನದೊಳಗೆ ಅವನು ಹೊರಬರಬಹುದು. ಆದರೆ ಈ ಎರಡನೇ ದಾರಿ ದೊಡ್ಡ ಸಂಬಳದವನಿಗೆ ಅಷ್ಟು ಉಪಯೋಗಕ್ಕೆ ಬರಲ್ಲ. ಹೊರಬಂದರೆ ಆ ಸಂಬಳ ಕೊಡೋರು ಬೇರೆ ಯಾರಿದ್ದಾರೆ?

ಹಾಗಾದರೆ ಸೇರಿಸಿಕೊಳ್ಳಬೇಕಾ? ಇಲ್ಲಿ ಬಾಗಿಲು ಎರಡಿವೆ ಅನ್ನೋದನ್ನ ಮೊದಲು ನೋಡು. ಒಂದು ಪ್ರಾಕ್ಟೀಸಿನ ಬಾಗಿಲು, ಇನ್ನೊಂದು ಶನಿವಾರದ ಪಂದ್ಯಕ್ಕೆ ಇಳಿಯೋ ಹನ್ನೊಂದು ಜನರ ಬಾಗಿಲು. ಎರಡನೆಯದರ ಕೀಲಿ ಪೂರ್ತಿ ಕೋಚ್ ಕೈಲಿರಬೇಕು. ಅದರಲ್ಲಿ ಸಂಬಳ ನೋಡಿ, ಕೊಟ್ಟ ದುಡ್ಡು ನೋಡಿ ಯಾರೂ ಕೈ ಹಾಕಬಾರದು. ಮೊದಲನೆಯದು ಮಾತ್ರ ಒಪ್ಪಂದ ಇರೋವರೆಗೆ ತೆರೆದಿರಬೇಕು. ತಪ್ಪು ಮಾಡಿದ್ದರೆ ಇಷ್ಟು ದಂಡ, ಇಷ್ಟು ದಿನ ಹೊರಗೆ ಅಂತ ಬರೆದುಕೊಡಿ. ನಮ್ಮ ಕಾರ್ಮಿಕ ಕಾನೂನಿನಲ್ಲಿ ಅಮಾನತಿಗೂ ಲೆಕ್ಕ ಇದೆ: ಮೊದಲ 90 ದಿನ ಅರ್ಧ ಸಂಬಳ, ವಿಚಾರಣೆ ಎಳೆದರೆ ಆಮೇಲೆ ಮುಕ್ಕಾಲು. ಎಳೆದಷ್ಟೂ ಮಾಲೀಕನಿಗೇ ಭಾರ ಆಗಲಿ ಅಂತ. ಕೊನೆಯ ದಿನ ಬರೆಯದ ಶಿಕ್ಷೆಯನ್ನು ನಾನು ಶಿಕ್ಷೆ ಅಂತ ಒಪ್ಪಲ್ಲ.

ಕೋಚನ್ನು ಅವಮಾನ ಮಾಡಿದವನು ಅಂತೀಯ. ಅದಕ್ಕಿಂತ ದೊಡ್ಡದನ್ನ ಕೇಳು, ಯುನೈಟೆಡ್‌ನವನಾದ ನಿನಗೆ ಸ್ವಲ್ಪ ಚುಚ್ಚಬಹುದು. 2011ರ ಸೆಪ್ಟೆಂಬರ್, ಮ್ಯೂನಿಕ್‌ನಲ್ಲಿ ಬಯರ್ನ್ ವಿರುದ್ಧ ಮ್ಯಾಂಚೆಸ್ಟರ್ ಸಿಟಿ ಸೋಲ್ತಾ ಇತ್ತು. ಬದಲಿಯಾಗಿ ಇಳಿಯೋಕೆ ಕಾರ್ಲೋಸ್ ಟೆವೆಸ್ ಒಪ್ಪಲಿಲ್ಲ ಅಂತ ಕೋಚ್ ರಾಬರ್ಟೊ ಮಾನ್ಸಿನಿ ಅವತ್ತೇ ರಾತ್ರಿ ಹೇಳಿದರು, ನನ್ನ ಕೈಲಿದ್ದರೆ ಇವನ ಕಥೆ ಇಲ್ಲಿಗೆ ಮುಗೀತು ಅಂದರು. ನಾನು ಹಾಗೆ ಮಾಡಿಲ್ಲ ಅಂತ ಟೆವೆಸ್ ವಾದ. ಕ್ಲಬ್ ದಂಡ ಹಾಕಿತು. ನವೆಂಬರಲ್ಲಿ ಅವನು ಯಾರನ್ನೂ ಕೇಳದೆ ಅರ್ಜೆಂಟೀನಾಕ್ಕೆ ಹೋಗಿ ಕೂತ. ಜನವರಿಯಲ್ಲಿ ಮಾರೋಕೆ ನೋಡಿದರು, ಆಗಲಿಲ್ಲ. ಫೆಬ್ರವರಿಯಲ್ಲಿ ವಾಪಸ್ ಬಂದು ಕ್ಷಮೆ ಕೇಳಿದ. ತಿರುಗಿ ಮೈ ಹದಕ್ಕೆ ಬರೋವರೆಗೆ ಕಾಯಿಸಿ, 2012ರ ಮಾರ್ಚ್ 21ರಂದು ಚೆಲ್ಸಿ ವಿರುದ್ಧ ಬದಲಿಯಾಗಿ ಇಳಿಸಿದರು. ಸಮೀರ್ ನಸ್ರಿ ಹೊಡೆದ ಗೆಲುವಿನ ಗೋಲಿಗೆ ಚೆಂಡು ಕೊಟ್ಟವನು ಇದೇ ಟೆವೆಸ್. ಏಪ್ರಿಲ್‌ನಲ್ಲಿ ನಾರ್ವಿಚ್ ಮೇಲೆ ಮೂರು ಗೋಲು. ಕೊನೆಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಸಿಟಿಗೂ ಯುನೈಟೆಡ್‌ಗೂ 89 ಅಂಕ, ಸಿಟಿ ಕಪ್ ಗೆದ್ದದ್ದು ಗೋಲಿನ ಅಂತರದ ಮೇಲೆ. ಒಂದೊಂದು ಗೋಲಿಗೂ ಬೆಲೆ ಇದ್ದ ಆ ವರ್ಷ ಮಾನ್ಸಿನಿ ತಮ್ಮ ಮೊದಲ ಮಾತಿಗೇ ಕಟ್ಟುಬಿದ್ದಿದ್ದರೆ?

ಇದರ ಇನ್ನೊಂದು ಮುಖವೂ ಇದೆ, ಮುಚ್ಚಿಡಲ್ಲ. 2022ರ ಅಕ್ಟೋಬರಲ್ಲಿ ಟಾಟನ್‌ಹ್ಯಾಮ್ ಪಂದ್ಯದಲ್ಲಿ ಬದಲಿಯಾಗಿ ಇಳಿಯಲ್ಲ ಅಂತ ನಿಮ್ಮ ಯುನೈಟೆಡ್‌ನ ಕ್ರಿಸ್ಟಿಯಾನೊ ರೊನಾಲ್ಡೊ ಪಂದ್ಯ ಮುಗಿಯೋ ಮೊದಲೇ ಎದ್ದು ಹೋದ. ಟೆನ್ ಹಾಗ್ ಮುಂದಿನ ಪಂದ್ಯಕ್ಕೆ ಕೈಬಿಟ್ಟು, ಬೇಗನೇ ಸೇರಿಸಿಕೊಂಡು, ಆಸ್ಟನ್ ವಿಲ್ಲಾ ವಿರುದ್ಧ ನಾಯಕನ ತೋಳುಪಟ್ಟಿಯನ್ನೂ ಕೊಟ್ಟರು. ಅದಾಗಿ ಕೆಲವೇ ದಿನಕ್ಕೆ ಕ್ಲಬ್ಬನ್ನೂ ಕೋಚನ್ನೂ ಬೈದ ಟೀವಿ ಸಂದರ್ಶನ ಹೊರಬಂತು, ನವೆಂಬರ್ 22ಕ್ಕೆ ಒಪ್ಪಂದವೇ ಮುಗೀತು. ಟೆವೆಸ್, ರೊನಾಲ್ಡೊ ಇಬ್ಬರ ಮೇಲೂ ಒಂದೇ ಆರೋಪ. ಒಬ್ಬ ಬಂದು ತಪ್ಪಾಯ್ತು ಅಂದ, ಇನ್ನೊಬ್ಬನ ಮನಸ್ಸು ಆಗಲೇ ಊರು ಬಿಟ್ಟಿತ್ತು. ಬಾಗಿಲು ತೆರೆಯೋದು ಕ್ಲಬ್ಬಿನ ಕೆಲಸ. ತೆರೆದ ಮೇಲೂ ಬರದವನನ್ನು ಲೆಕ್ಕ ಚುಕ್ತಾ ಮಾಡಿ ಕಳಿಸೋದರಲ್ಲಿ ತಪ್ಪಿಲ್ಲ.

ಸ್ಯಾಂಚೊ ವಿಷಯದಲ್ಲಿ ನನ್ನ ತೀರ್ಪು: ಕ್ಷಮೆ ಕೇಳೋದು ಅವನ ಕರ್ತವ್ಯವಾಗಿತ್ತು, ಕೇಳದೆ ತಪ್ಪು ಮಾಡಿದ. ಆದರೆ ಪ್ರಾಕ್ಟೀಸಿನ ಮಾತನ್ನ ಪತ್ರಕರ್ತರ ಮುಂದೆ ಮೊದಲು ತಂದದ್ದು ಕೋಚ್. ಅದೇ ಹುಡುಗ ಡಾರ್ಟ್ಮಂಡ್‌ಗೆ ಹೋಗಿ 2024ರ ಜೂನ್‌ನಲ್ಲಿ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ. ಆ ಜುಲೈನಲ್ಲಿ ಇಬ್ಬರೂ ಕೂತು ಮಾತಾಡಿ ಅವನು ಯುನೈಟೆಡ್ ಪ್ರಾಕ್ಟೀಸಿಗೆ ಮರಳಿದ. ಹತ್ತು ತಿಂಗಳ ಮೇಲೆ ಆದ ಆ ಮಾತುಕತೆ ಹತ್ತು ದಿನದಲ್ಲಿ ಆಗಬೇಕಿತ್ತು.

ಆಡಿಟರ್ ಮೇಡಂ (ಮಂಡಿಪೇಟೆ)

ವಕೀಲರು ನ್ಯಾಯ ಹೇಳಿದರು, ನಾನು ಲೆಕ್ಕದ ಪುಸ್ತಕ ತೆಗೀತೀನಿ. ಕ್ಲಬ್ಬುಗಳು ಆಟಗಾರನಿಗೆ ಕೊಟ್ಟ ವರ್ಗಾವಣೆ ಶುಲ್ಕವನ್ನು ಒಂದೇ ವರ್ಷಕ್ಕೆ ಖರ್ಚು ಬರೆಯಲ್ಲ, ಒಪ್ಪಂದದ ವರ್ಷಗಳಿಗೆ ಹಂಚ್ತಾರೆ. 7.3 ಕೋಟಿ ಪೌಂಡನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.46 ಕೋಟಿ. ಆಟಗಾರ ಆಡಲಿ, ಬೆಂಚಲ್ಲಿ ಕೂರಲಿ, ಮನೇಲೇ ಇರಲಿ, ಆ ಖರ್ಚು ಬಿದ್ದೇ ಬೀಳುತ್ತೆ. ಮೂರು ವರ್ಷ ಆದ ಮೇಲೆ ಪುಸ್ತಕದಲ್ಲಿ 2.92 ಕೋಟಿ ಉಳಿದಿರುತ್ತೆ. ಅದಕ್ಕಿಂತ ಕಡಿಮೆಗೆ ಮಾರಿದರೆ ಆ ವರ್ಷವೇ ನಷ್ಟ ತೋರಿಸಬೇಕು. ಹಾಗಾಗಿ ಮಾರೋಕೆ ಹೊರಟಿರೋ ಸಾಮಾನನ್ನು ಅಂಗಡಿಯವನೇ ಬೀದಿಗೆ ಎಸೆದು, ಇದು ಕೆಟ್ಟಿದೆ ಅಂತ ಕೂಗಿದರೆ ಕೊಳ್ಳೋನು ಪೂರ್ತಿ ಬೆಲೆ ಕೊಡ್ತಾನಾ? ಆಮೇಲೆ ಸ್ಯಾಂಚೊನನ್ನು ಲೋನ್‌ನಲ್ಲಿ ತಗೊಂಡಿದ್ದ ಚೆಲ್ಸಿ, ಒಪ್ಪಿದಂತೆ ಕೊಳ್ಳೋ ಬದಲು 2025ರಲ್ಲಿ 50 ಲಕ್ಷ ಪೌಂಡ್ ದಂಡ ಕಟ್ಟಿ ವಾಪಸ್ ಕಳಿಸಿತು. ಸಂಬಳದ ವಿಷಯದಲ್ಲಿ ಹೊಂದಾಣಿಕೆ ಆಗಲಿಲ್ಲ.

ಪ್ರಶ್ನೆ (ಬಟ್ಟೆ ಅಂಗಡಿ ಕೆಲಸ, ಚಿತ್ರದುರ್ಗ)

ಸರ್, ಸಿಟ್ಟಾಗಬ್ಯಾಡ್ರಿ. ಮಿಲ್ ನೌಕರನಿಗೂ ಇವರಿಗೂ ಹೋಲಿಕೆ ಹೆಂಗೆ? ವಿನ್ಸ್ಟನ್ ಬೊಗಾರ್ಡ್ ಅಂತ ಒಬ್ಬ, ಚೆಲ್ಸಿಯಲ್ಲಿ 2000ದಿಂದ ನಾಲ್ಕು ವರ್ಷ ವಾರಕ್ಕೆ 40,000 ಪೌಂಡ್ ತಗೊಂಡು ಲೀಗ್‌ನಲ್ಲಿ ಒಂಬತ್ತೇ ಪಂದ್ಯ ಆಡಿದ. ಬೇರೆ ಕಡೆ ಹೋಗು ಅಂದ್ರೂ ಹೋಗಲಿಲ್ಲ. ಇದು ದುರಾಸೆ ಅಲ್ವಾ?

ಉತ್ತರ

ಸಿಟ್ಟು ಯಾಕಪ್ಪಾ, ನಿನ್ನ ಹೊಟ್ಟೆಯುರಿ ನನಗೆ ಅರ್ಥವಾಗುತ್ತೆ. ಅವರ ಒಂದು ವಾರದ ಸಂಬಳ ನಮ್ಮಂಥವರ ಎಷ್ಟೋ ವರ್ಷದ ದುಡಿಮೆ. ಆದರೂ ಆ 40,000 ಬರೆದು ಸಹಿ ಹಾಕಿದ್ದು ಕ್ಲಬ್ಬು, ಬೊಗಾರ್ಡ್ ಕದ್ದು ತಂದದ್ದಲ್ಲ. ಅವನು ಪ್ರತಿದಿನ ಪ್ರಾಕ್ಟೀಸಿಗೆ ಹೋದ, ಯುವಕರ ಜತೆ ಓಡು ಅಂದರೆ ಓಡಿದ. ಮೆಸುಟ್ ಓಝಿಲ್‌ಗೂ ಆರ್ಸೆನಲ್ 2018ರಲ್ಲಿ ತಾನಾಗೇ ವಾರಕ್ಕೆ 3.5 ಲಕ್ಷ ಪೌಂಡಿನ ಒಪ್ಪಂದ ಕೊಟ್ಟು, 2020ರ ಅಕ್ಟೋಬರಲ್ಲಿ ಪ್ರೀಮಿಯರ್ ಲೀಗ್ ಪಟ್ಟಿಗೂ ಯುರೋಪಾ ಲೀಗ್ ಪಟ್ಟಿಗೂ ಹೆಸರು ಬರೆಯದೆ ಬಿಟ್ಟಿತು. ಪ್ರೀಮಿಯರ್ ಲೀಗ್‌ನಲ್ಲಿ ಹಿರಿಯರ ಪಟ್ಟಿ 25 ಜನಕ್ಕೆ ಸೀಮಿತ, ಅದರಲ್ಲಿ ಹೆಸರಿಲ್ಲ ಅಂದರೆ ಜನವರಿವರೆಗೆ ಮೈದಾನಕ್ಕೆ ಇಳಿಯೋ ಹಾಗೇ ಇಲ್ಲ. ಲೆಕ್ಕ ತಪ್ಪಿದ್ದು ಸಹಿ ಹಾಕಿಸಿದವರದ್ದು, ಬೈಗುಳ ಸಹಿ ಹಾಕಿದವನಿಗೆ. ಇದನ್ನ ನಾನು ಕೋರ್ಟಲ್ಲಿ ಎಷ್ಟು ಸಲ ನೋಡಿದ್ದೀನೋ. ಸಂಬಳ ಹೆಚ್ಚಿರೋ ನೌಕರನ ಮೇಲೆ ಜತೆಯವರಿಗೂ ಕರುಣೆ ಬರಲ್ಲ, ಹಾಗಾಗಿ ಅವನನ್ನು ಹಿಂಸಿಸೋದು ಸುಲಭ.

ಪ್ರಶ್ನೆ (ಶಾಲೆಯ ದೈಹಿಕ ಶಿಕ್ಷಕಿ, ಹರಿಹರ ರಸ್ತೆ)

ಸರ್, ಡ್ರೆಸ್ಸಿಂಗ್ ರೂಮಿನ ಮಾತು ಹೇಳಲೇ ಇಲ್ಲ. ಒಬ್ಬನಿಗೆ ಸಡಿಲ ಬಿಟ್ಟರೆ ಚಿಕ್ಕ ಹುಡುಗರು ಏನು ಕಲೀತಾರೆ?

ಉತ್ತರ

ಒಳ್ಳೇ ಪ್ರಶ್ನೆ ಮೇಡಂ. ಒಂದೇ ಕ್ಲಬ್ಬಿನ ಇಬ್ಬರು ನಾಯಕರನ್ನು ನೋಡಿ. ಆರ್ಸೆನಲ್‌ನ ಗ್ರನಿಟ್ ಝಾಕಾ 2019ರ ಅಕ್ಟೋಬರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಪಂದ್ಯದಲ್ಲಿ ಹೊರಗೆ ನಡೆಯುವಾಗ ಸ್ವಂತ ಅಭಿಮಾನಿಗಳೇ ಗೇಲಿ ಮಾಡಿದರು. ಅವನೂ ತಿರುಗಿಸಿ ಬೈದು, ಅಂಗಿ ಬಿಚ್ಚಿ ಒಳಗೆ ಹೋದ. ನಾಯಕತ್ವ ಹೋಯಿತು, ಊರು ಬಿಡೋಕೆ ತಯಾರಾಗಿದ್ದ. ಹೊಸ ಕೋಚ್ ಮಿಕೆಲ್ ಆರ್ಟೆಟಾ ಕೂರಿಸಿ ಮಾತಾಡಿ ಉಳಿಸಿಕೊಂಡರು. ಆಮೇಲೆ ಮೂರೂವರೆ ವರ್ಷ ಆಡಿದ, ಬೈದ ಅಭಿಮಾನಿಗಳೇ ಕೊನೆಗೆ ಅವನ ಹೆಸರು ಹಾಡಿ ಬೀಳ್ಕೊಟ್ಟರು. ಅದೇ ಆರ್ಟೆಟಾ, ಶಿಸ್ತು ಮುರಿದ ಪಿಯರ್ ಎಮೆರಿಕ್ ಔಬಮೆಯಾಂಗ್‌ನಿಂದ 2021ರ ಡಿಸೆಂಬರಲ್ಲಿ ನಾಯಕತ್ವ ಕಿತ್ತುಕೊಂಡು, ಎರಡು ತಿಂಗಳೊಳಗೆ ಬಾರ್ಸಿಲೋನಾಗೆ ಬಿಟ್ಟುಕೊಟ್ಟರು. ಅದು ಮೊದಲ ತಪ್ಪು ಆಗಿರಲಿಲ್ಲ. ವರ್ಷಗಟ್ಟಲೆ ಕಲ್ಲುಬೆಂಚಿನ ಮೇಲೆ ಕೂರಿಸದೆ ಬೇಗ ಬಿಡುಗಡೆ ಮಾಡಿದರು, ಅದನ್ನ ನಾನು ಮೆಚ್ಚುತ್ತೀನಿ. ಮಕ್ಕಳು ನಾವು ಕೊಡೋ ಭಾಷಣ ಕೇಳಲ್ಲ. ತಪ್ಪು ಮಾಡಿದವನ ಜತೆ ನಾವು ಹೆಂಗೆ ನಡ್ಕೊಂಡ್ವಿ ಅಂತ ನೋಡ್ತಾ ನಿಂತಿರ್ತಾರೆ, ನಾಳೆ ನನ್ನ ಸರದಿ ಬಂದರೆ ಅಂತ.

ಪ್ರಶ್ನೆ (ತಂಡ ನಡೆಸೋರು, ನಿಟ್ಟುವಳ್ಳಿ)

ಅಣ್ಣಾ, ದೊಡ್ಡ ಕ್ಲಬ್ ಬಿಡ್ರಿ, ನಮ್ಮದು ಕೇಳ್ರಿ. ಭದ್ರಾವತಿಯಿಂದ ಒಬ್ಬ ಸ್ಟ್ರೈಕರ್ ಕರೆಸ್ತಿದ್ವಿ. ಪಂದ್ಯಕ್ಕೆ ಎರಡು ಸಾವಿರ, ಬಸ್ ಚಾರ್ಜು, ಊಟ. ನಮ್ಮ ಹುಡುಗರಿಗೆ ಏನೂ ಇಲ್ಲ, ಅವನಿಗೊಬ್ಬನಿಗೇ. ಹಾಫ್ ಟೈಮಲ್ಲಿ ಕೋಚ್ ಬೈದಾಗ ಎಲ್ಲರ ಮುಂದೆ ಬೂಟ್ ಬಿಚ್ಚಿ ಎಸೆದ. ಅವತ್ತಿಂದ ಗ್ರೂಪಿಂದ ತೆಗೆದೀವಿ. ಮೂರು ಪಂದ್ಯದ ದುಡ್ಡು ಬಾಕಿ ಐತಿ, ಕೊಟ್ಟಿಲ್ಲ. ಈಗ ಟೂರ್ನಮೆಂಟ್ ಬಂತು, ಗೋಲ್ ಹೊಡೆಯೋರಿಲ್ಲ. ಕರೆಯೋಣೋ ಬ್ಯಾಡೋ?

ಉತ್ತರ

ಮೊದಲು ಆ ಆರು ಸಾವಿರ ಇವತ್ತೇ ಕಳಿಸು. ಅವನು ಬರಲಿ ಬಿಡಲಿ, ಅದು ಆಗಲೇ ದುಡಿದ ದುಡ್ಡು. ಬೂಟ್ ಎಸೆದದ್ದಕ್ಕೆ ಅದನ್ನ ಹಿಡ್ಕೊಳ್ಳೋ ಹಕ್ಕು ನಿಮಗಿಲ್ಲ. ಅದನ್ನ ಬಾಕಿ ಇಟ್ಕೊಂಡು ಕ್ಷಮೆ ಕೇಳು ಅಂದ್ರೆ, ಅವನು ಕೇಳೋ ಕ್ಷಮೆ ದುಡ್ಡಿಗೆ ಆಗುತ್ತೆ.

ಆಮೇಲೆ ಫೋನ್ ಮಾಡೋದು ಕೋಚ್, ನೀನಲ್ಲ. ಮೆಸೇಜ್ ಬೇಡ. ಬೈದ ಮಾತಿನಲ್ಲಿ ಅವನ ಮನೆತನ, ಊರು ಏನಾದರೂ ಬಂದಿತ್ತಾ ಅಂತ ಕೋಚನ್ನ ಒಂಟಿಯಾಗಿ ಕೇಳು. ಬಂದಿದ್ರೆ ಅದನ್ನ ಕೋಚ್ ಮೊದಲು ವಾಪಸ್ ತಗೋಬೇಕು. ಅವನು ಬಂದು ಹುಡುಗರೆಲ್ಲರ ಮುಂದೆ ತಪ್ಪಾಯ್ತು ಅಂತ ಹೇಳಲಿ, ಎಲ್ಲರ ಮುಂದೆ ಎಸೆದದ್ದು ತಾನೆ. ಮೊದಲ ಪಂದ್ಯಕ್ಕೆ ಹನ್ನೊಂದರಲ್ಲಿ ಬೇಡ, ಬದಲಿಯಾಗಿ ಕೂರಲಿ. ಇನ್ನು ನಿಮ್ಮ ಹುಡುಗರಿಗೆ ಬಸ್ ಚಾರ್ಜನ್ನಾದರೂ ಕೊಡೋಕೆ ಆಗುತ್ತಾ ನೋಡು. ಅವರ ಮುಖ ಬಾಡಿರೋದು ಬೂಟಿನ ಕಾರಣಕ್ಕಲ್ಲ ಅಂತ ನನಗನ್ನಿಸುತ್ತೆ.

ನಿಟ್ಟುವಳ್ಳಿಯವರು (ಮರುದಿನ)

ದುಡ್ಡು ಕಳಿಸಿದ್ವಿ ಅಣ್ಣಾ. ಕೋಚ್ ರಾತ್ರಿ ಫೋನ್ ಮಾಡಿದ್ರು, ಅರ್ಧ ಗಂಟೆ ಮಾತಾಡಿದ್ರು, ಏನು ಮಾತಾಡಿದ್ರೋ ನಮಗೆ ಹೇಳಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬರ್ತಾನಂತೆ. ನೀವೂ ಆರೂವರೆಗೆ ಮೈದಾನಕ್ಕೆ ಬರ್ತೀರಾ?

ವಕೀಲರು

ಬರ್ತೀನಿ. ಅವನ ಆ ಬೂಟು ನಿಮ್ಮ ಹತ್ರನೇ ಇದ್ದರೆ ಒರೆಸಿ ತಗೊಂಡು ಬಾ.