ವಕೀಲರ ಕಾರಿನ ತುಕ್ಕು ಮೊಕದ್ದಮೆ

ಬಳ್ಳಾರಿಯ ಬಿಸಿಲು ಸಂಜೆ ತುಸು ಇಳಿದಂತೆ ನಟಿಸುವ ಹೊತ್ತಿಗೆ, ಒಗ್ಗರಣೆ-ಮಿರ್ಚಿ ಗಾಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ನಾವು ನಾಲ್ವರು ಸೇರುತ್ತೇವೆ. ವಕೀಲರು, ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಗ್ಯಾರೇಜಿನ ಭಾಯ್, ಮತ್ತು ಸ್ವಂತ ಕಾರಿಲ್ಲದ ಕಾರಣ ಎಲ್ಲರ ಕಾರಿನ ಬಗ್ಗೆಯೂ ನಿಷ್ಪಕ್ಷಪಾತವಾಗಿ ಮಾತನಾಡಬಲ್ಲ ನಾನು. ಮೊನ್ನೆ ವಕೀಲರು ತಟ್ಟೆಯಲ್ಲಿದ್ದ ಮಿರ್ಚಿಯನ್ನು ಮುಟ್ಟಲೇ ಇಲ್ಲ.

"ಕಾರು ಕೊಂಡು ಮೂರು ವರ್ಷ, ಓಡಿದ್ದು 14,000 ಕಿಲೋಮೀಟರ್. ಮುಂದಿನ ಎರಡೂ ಬ್ರೇಕ್ ಡಿಸ್ಕುಗಳು, ಅಂದರೆ ಚಕ್ರದ ಜೊತೆ ತಿರುಗುವ ಆ ಕಬ್ಬಿಣದ ತಟ್ಟೆಗಳು, ತುಕ್ಕಿನಿಂದ ಹೋಗಿವೆ ಎಂದು ಭಾಯ್ ಹೇಳುತ್ತಿದ್ದಾರೆ. ಈ ಊರಿನಲ್ಲಿ ಸಮುದ್ರವಿಲ್ಲ, ಮಳೆ ಅಷ್ಟಕ್ಕಷ್ಟೆ, ಹಿಮ ಬೀಳುವ ದೇಶಗಳಲ್ಲಿರುವಂತೆ ರಸ್ತೆಗೆ ಉಪ್ಪು ಸುರಿಯುವವರೂ ಇಲ್ಲ. ನಾನು ಕಂಪನಿಗೆ ನೋಟಿಸು ಕೊಡುವವನೇ," ಎಂದರು.

ನಿವೃತ್ತಿಯಾದಂದಿನಿಂದ ಇಂಥದೊಂದು ಅವಕಾಶಕ್ಕಾಗಿ ಕಾದಿದ್ದ ಮೇಷ್ಟ್ರು ಕೈ ಒರೆಸಿಕೊಂಡರು. "ವಕೀಲರೇ, ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಹೆಮಟೈಟ್ ಅದಿರು ತುಕ್ಕಿನ ದಾಯಾದಿಯೇ. ಅದು ಅಪ್ಪಟವಾಗಿದ್ದರೆ ಶೇಕಡಾ 70ರಷ್ಟು ಕಬ್ಬಿಣ, ಉಳಿದದ್ದು ಆಮ್ಲಜನಕ. ತೋರಣಗಲ್ಲಿನ ಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿಸಿ ಆ ಆಮ್ಲಜನಕವನ್ನು ಕಿತ್ತುಹಾಕಿ ಕಬ್ಬಿಣ ತೆಗೆಯುತ್ತಾರೆ. ಬಲವಂತದಿಂದ ಕಳೆದುಕೊಂಡದ್ದನ್ನು ನಿಮ್ಮ ಡಿಸ್ಕ್ ಈಗ ಮರಳಿ ಸ್ವಾಧೀನಕ್ಕೆ ಪಡೆಯುತ್ತಿದೆ. ದಾವೆ ಹೂಡಿದರೆ ಗೆಲ್ಲುವುದು ಅದೇ."

"ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ನೀರಿನಲ್ಲೇ ಸುಮಾರು 70 ವರ್ಷ ನಿಂತಿತ್ತಲ್ಲ! 2024ರ ಆಗಸ್ಟಿನಲ್ಲಿ ಚೈನು ತುಂಡಾಗಿ ಕೊಚ್ಚಿಹೋಗುವ ತನಕ ತಡೆಯಿತು. ನನ್ನ ಡಿಸ್ಕಿಗೆ ಮೂರೇ ವರ್ಷವೇ?"

"ಗೇಟಿಗೆ ಬಣ್ಣ ಬಳಿಯಬಹುದು ಸಾರ್," ಎಂದರು ಭಾಯ್. "ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಪ್ಯಾಡ್ ಉಜ್ಜುವ ಮುಖಕ್ಕೆ ಬಣ್ಣ ಬಳಿದರೆ ನಾಲ್ಕು ಬ್ರೇಕಿಗೆ ಅಳಿಸಿಹೋಗುತ್ತದೆ. ಆ ಮುಖ ಸದಾ ಬರಿಮೈಯಲ್ಲೇ ಇರಬೇಕು."

ನನ್ನ ಬೈಕಿನ ಡಿಸ್ಕ್ ಕನ್ನಡಿಯಂತೆ ಹೊಳೆಯುತ್ತದೆಂದು ನಾನು ಹೆಮ್ಮೆಪಟ್ಟೆ. ಅದು ಸ್ಟೇನ್‌ಲೆಸ್ ಸ್ಟೀಲು, ಕಾರಿನದು ಬೀಡುಕಬ್ಬಿಣ ಎಂದು ಭಾಯ್ ನನ್ನ ಹೆಮ್ಮೆಯನ್ನು ಮೊಟಕುಗೊಳಿಸಿದರು. ಟನ್ನಿಗೂ ಮಿಗಿಲಾದ ಭಾರವನ್ನು ನಿಲ್ಲಿಸುವಾಗ ಹುಟ್ಟುವ ಕಾವನ್ನು ಬೇಗ ಹೀರಿಕೊಂಡು ಹಂಚುವುದರಲ್ಲಿ ಬೀಡುಕಬ್ಬಿಣವೇ ಮೇಲು, ಅದರೊಳಗಿನ ಗ್ರಾಫೈಟಿನ ಚಕ್ಕೆಗಳು ಕಾವನ್ನೂ ಸಾಗಿಸುತ್ತವೆ, ಕಿರುಚುವ ಸದ್ದನ್ನೂ ತಗ್ಗಿಸುತ್ತವೆ ಎಂದು ಮೇಷ್ಟ್ರು ಒತ್ತಾಸೆ ನೀಡಿದರು.

ಆಮೇಲೆ ಭಾಯ್ ಪಾಟೀಸವಾಲಿಗೆ ಇಳಿದರು. ಕಾರು ತೊಳೆಯುವುದು ಯಾವಾಗ? ದಿನಾ ಬೆಳಿಗ್ಗೆ ಆರಕ್ಕೆ, ಪೈಪು ಹಿಡಿದು. ಯಾವ ನೀರು? ಮನೆಯ ಬೋರಿನದು. ಸಿಹಿಯೋ ಸವಳೋ? ಸವಳು, ಅದರಲ್ಲಿ ಬೇಳೆಯೂ ಬೇಯುವುದಿಲ್ಲ. ತೊಳೆದ ಮೇಲೆ ಕೋರ್ಟಿಗೆ ಹೋಗುವುದು ಯಾವುದರಲ್ಲಿ? ವಕೀಲರು ಬಹಳ ಹೊತ್ತು ಮಿರ್ಚಿಯನ್ನೇ ನೋಡಿದರು. "ಸ್ಕೂಟರಿನಲ್ಲಿ. ಅಲ್ಲಿ ಕಾರು ನಿಲ್ಲಿಸಲು ನೆರಳಿಲ್ಲ."

"ಉಪ್ಪು ಸುರಿಯುವವರು ಸಿಕ್ಕರಲ್ಲ!" ಎಂದು ಮೇಷ್ಟ್ರು ಕೇಕೆ ಹಾಕಿದರು.

ಮರುದಿನ ಗ್ಯಾರೇಜಿನಲ್ಲಿ ಸಾಕ್ಷ್ಯ ಪರಿಶೀಲನೆ ನಡೆಯಿತು. ಚಕ್ರ ಕಳಚಿದಾಗ ಬಲಗಡೆಯ ಡಿಸ್ಕಿನ ಮೇಲೆ ಪ್ಯಾಡಿನ ಆಕಾರವೇ ಕಂದು ಮುದ್ರೆಯಾಗಿ ಒತ್ತಿತ್ತು. ತೊಳೆದ ನೀರು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿಕೊಂಡು, ದಿನಗಟ್ಟಲೆ ಅಲ್ಲೇ ಕುಳಿತು ಕೊರೆದ ಗುಳಿಗಳವು. ರಾತ್ರೋರಾತ್ರಿ ಹಿಡಿಯುವ ತೆಳು ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ, ಗುಳಿ ಹೋಗುವುದಿಲ್ಲ. ಪೆಡಲ್ ಕಾಲಡಿಯಲ್ಲಿ ದಡದಡ ಅದುರುತ್ತಿದ್ದುದು ಅದರಿಂದಲೇ. ಎಡಗಡೆಯ ಕಥೆ ಬೇರೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ ಗ್ರೀಸ್ ಕಾಣದೆ ತುಕ್ಕಿನಲ್ಲಿ ಕಚ್ಚಿಕೊಂಡು, ಒಳಗಿನ ಪ್ಯಾಡೊಂದೇ ಸದಾ ಉಜ್ಜುತ್ತಾ ಡಿಸ್ಕಿನ ಒಳಮುಖವನ್ನು ತಿಂದುಹಾಕಿತ್ತು. ಹೊರಗಿನ ಪ್ಯಾಡ್ ಮಾತ್ರ ಮದುಮಗನಂತೆ ಹೊಸದಾಗಿಯೇ ಇತ್ತು.

ಡಿಸ್ಕಿನ ಮೇಲೆ 'ಮಿನ್ ಟಿಎಚ್ 20' ಎಂದು ಕೊರೆದಿದ್ದರು, ಅಂದರೆ 20 ಮಿಲಿಮೀಟರಿಗಿಂತ ತೆಳುವಾದರೆ ಬಳಸಬಾರದು. ವಕೀಲರು ತಾವೇ ವರ್ನಿಯರ್ ಹಿಡಿದು ಅಂಚನ್ನು ಅಳೆದು, "22 ಇದೆ! ಇದು ಮೋಸ!" ಎಂದು ಗರ್ಜಿಸಿದರು. ಭಾಯ್ ಸುಮ್ಮನೆ ಅವರ ಹೆಬ್ಬೆರಳನ್ನು ಹಿಡಿದು ಅಂಚಿನ ಮೇಲೆ ಎಳೆದರು. ಪ್ಯಾಡ್ ತಾಗದ ಅಂಚು ರೊಟ್ಟಿಯ ಸುತ್ತಿನಂತೆ ಉಬ್ಬಿಕೊಂಡಿದ್ದು, ವರ್ನಿಯರ್ ಆ ಉಬ್ಬನ್ನೇ ಅಳೆದಿತ್ತು. ಮೈಕ್ರೋಮೀಟರನ್ನು ಒಳಗೆ ಇಟ್ಟಾಗ ಬಂದದ್ದು 19.7.

ಎಡದ್ದೊಂದನ್ನೇ ಬದಲಿಸಿ, ಬಲದ್ದನ್ನು ಲೇತಿಗೆ ಹಾಕಿಸಿ ಸಪಾಟು ಮಾಡಿಸೋಣವೆಂದು ವಕೀಲರು ರಾಜಿಗೆ ಬಂದರು. "ಒಂದು ಹೊಸ ಎತ್ತು, ಒಂದು ಮುದಿ ಎತ್ತು ಕಟ್ಟಿದರೆ ನೇಗಿಲು ಎತ್ತ ಹೋಗುತ್ತದೆ ಸಾರ್?" ಎಂದು ಭಾಯ್ ಕೇಳಿದ ಮೇಲೆ ಜೋಡಿಯೇ ಬಂತು. ಹೊಸ ಡಿಸ್ಕಿಗೆ ಸವರಿದ್ದ ಎಣ್ಣೆಯನ್ನು ಒರೆಸುವುದಕ್ಕಿಂತ, ಡಿಸ್ಕ್ ಕೂರುವ, ಚಕ್ರದ ನಡುವಿನ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅಲ್ಲಿ ತುಕ್ಕಿನ ಒಂದು ಹಕ್ಕಳೆ ಉಳಿದರೂ ಹೊಸ ಡಿಸ್ಕ್ ಸೊಟ್ಟಗೆ ತಿರುಗಿ, ಕೆಲವೇ ತಿಂಗಳಲ್ಲಿ ಮತ್ತೆ ಅದುರಲು ತೊಡಗುತ್ತದೆಯಂತೆ.

ವಕೀಲರು ನೋಟಿಸನ್ನು ಕೈಬಿಟ್ಟಿದ್ದಾರೆ, ತೊಳೆಯುವುದನ್ನು ಬಿಟ್ಟಿಲ್ಲ. ತೊಳೆದ ಮೇಲೆ ಓಡಿಸಿ ಒಣಗಿಸಬೇಕೆಂಬ ಷರತ್ತಿನ ಪ್ರಕಾರ, ದಿನಾ ಆರೂಕಾಲಿಗೆ ಲುಂಗಿಯಲ್ಲೇ ಕಾರು ಹತ್ತಿ, ಕೋಟೆ ಗುಡ್ಡದ ಪಕ್ಕದ ಖಾಲಿ ರಸ್ತೆಯಲ್ಲಿ ಯಾರೂ ಅಡ್ಡ ಬರದಿದ್ದರೂ ನೂರು ಗಜಕ್ಕೊಮ್ಮೆ ಬ್ರೇಕ್ ಹಾಕುತ್ತಾ ಹೋಗುತ್ತಾರೆ. ಹಾಲಿನವನು ಎರಡು ದಿನ ತನಗೇ ನಿಲ್ಲಿಸಿದರೆಂದು ಭಾವಿಸಿ, ಓಡಿ ಬಂದು ಪ್ಯಾಕೆಟ್ಟು ಕೊಟ್ಟನಂತೆ.